ಏಣಿಯ ಬುಡದಲ್ಲಿ

ನಿಮ್ಮ ಮನೆಗೆ ಬೆಂಕಿ ಬಿದ್ದಾಗಲೂ ಏಣಿ ಹಿಡಿದವನ ಧರ್ಮ ಯಾವುದೆಂದು ವಿಚಾರಿಸುವಿರಾ? ಅಂದು ಹೊತ್ತಿ ಉರಿಯುತ್ತಿದ್ದ ಕಟ್ಟಡದ ಮೂರನೆಯ ಮಹಡಿಯ ಕಿಟಕಿಯಲ್ಲಿ ಮುದುಕಿಯೊಬ್ಬಳು ಒದ್ದೆ ಟವೆಲ್ ಬೀಸುತ್ತಿದ್ದಳು. ಅಗ್ನಿಶಾಮಕ ದಳದ ಕಂಬಣ್ಣ ಎಂದಿನಂತೆ ಏಣಿಯ ಬುಡಕ್ಕೆ ಬೂಟು ಒತ್ತಿ, ಎರಡೂ ಕೈಗಳಿಂದ ಅದನ್ನು ಬಿಗಿಹಿಡಿದು ನಿಂತಿದ್ದ. ಅಲುಗಾಡದೆ ನಿಲ್ಲುತ್ತಾನೆಂದೇ ಅವನಿಗೆ ಆ ಹೆಸರು. ಮೇಲೆ ಹತ್ತಬೇಕಾಗಿದ್ದ ಸಣಕಲು ಸಹೋದ್ಯೋಗಿ ಕಡ್ಡಿ ಮಾತ್ರ, ಮೊದಲ ಮೆಟ್ಟಿಲ ಮೇಲಿಟ್ಟ ಕಾಲನ್ನು ಹಿಂದಕ್ಕೆ ತೆಗೆದುಕೊಂಡ.

“ಬೇರೆ ಯಾರಾದ್ರೂ ಹಿಡ್ಕೊಳ್ಳಲಿ.”

“ಯಾಕೋ ಕಡ್ಡಿ, ರಾತ್ರೋರಾತ್ರಿ ದಪ್ಪ ಆಗ್ಬಿಟ್ಯಾ? ನನ್ನ ಕೈ ತಡೆಯಲ್ವಾ?”

“ತಮಾಷೆ ಬೇಡಣ್ಣ. ಬೆಳಿಗ್ಗೆ ಎಲ್ರೂ ಕೈ ಮುಗಿದು ನಿಂತ್ರೆ ನೀನೊಬ್ಬ ಬಾಗಿಲಾಚೆ ನಿಂತೆ. ನಮ್ಮ ದೇವ್ರೇ ಬೇಡ ಅನ್ನೋನ ಕೈಗೆ ನನ್ನ ಜೀವ ಹೆಂಗೆ ಕೊಡ್ಲಿ?”

ಹೊಸ ಅಧಿಕಾರಿ ತನ್ನ ಧರ್ಮದ ಪ್ರಾರ್ಥನೆಯನ್ನು ಠಾಣೆಯ ಎಲ್ಲರಿಗೂ ಕಡ್ಡಾಯ ಮಾಡಿದ್ದು ಅಂದು ಬೆಳಿಗ್ಗೆಯಷ್ಟೇ. ಬೇರೆ ಧರ್ಮದ ಕಂಬಣ್ಣ ಯಾರನ್ನೂ ಎದುರಿಸದೆ ಹೊರಗೆ ನಿಂತಿದ್ದ. ಇಷ್ಟು ವರ್ಷ ಕಡ್ಡಿಯನ್ನು ಒಮ್ಮೆಯೂ ಜಾರಗೊಡದ ತನ್ನ ಕೈಗಳನ್ನು ಈಗ ಕಂಬಣ್ಣ ಒಂದೊಂದಾಗಿ ಏಣಿಯಿಂದ ಬಿಡಿಸಿಕೊಂಡ. ನೀರಿನ ಪೈಪು ಹಿಡಿದಿದ್ದವನು ಅದನ್ನು ಇನ್ನೊಬ್ಬನಿಗೆ ಕೊಟ್ಟು ಏಣಿ ಹಿಡಿಯಲು ಓಡಿಬರುವಷ್ಟರಲ್ಲಿ ಕಿಟಕಿಯಲ್ಲಿ ಟವೆಲ್ ಇರಲಿಲ್ಲ, ಹೊಗೆಯಷ್ಟೇ ಇತ್ತು. ಮುದುಕಿ ಕೊನೆಗೆ ಯಾವ ದೇವರನ್ನು ಕೂಗಿದಳೆಂಬುದು ಕೆಳಗಿದ್ದ ಯಾರಿಗೂ ಕೇಳಿಸಲಿಲ್ಲ.

ನಾಳೆ ನಿಮ್ಮ ಕಚೇರಿಯಲ್ಲೂ ಹೀಗೆ ಎಲ್ಲರನ್ನೂ ಪ್ರಾರ್ಥನೆಗೆ ಸಾಲು ನಿಲ್ಲಿಸಿದರೆ, ಬಾಗಿಲಾಚೆ ಒಂಟಿಯಾಗಿ ಉಳಿದವನ ಪಕ್ಕಕ್ಕೆ ದಯವಿಟ್ಟು ನೀವಾದರೂ ಹೋಗಿ ನಿಲ್ಲಿ.