ನೋವು ಹೊರುವವನು

"ವೈನಿ, ಇವತ್ತ ಹತ್ತ ಸಲಕ್ಕ ನಿಲ್ಲಸ್ರಿ," ಎಂದ ಬಸಲಿಂಗ. ಅವನನ್ನು ಕುರ್ಚಿಗೆ ಬಿಗಿದಿದ್ದರು.

ಗೋಡೆಯ ಜಗಳದಲ್ಲಿ ಅತ್ತಿಗೆ ನೀಲಗಂಗವ್ವನ ಬೆನ್ನುಮೂಳೆಯನ್ನು ಹಾರೆಯಿಂದ ಮುರಿದವನು ಅವನೇ. ಮುರಿದವರೇ ವ್ಯಾಯಾಮದ ನೋವನ್ನೂ ಹೊರಬೇಕೆಂಬುದು ಕಾನೂನು. ಹಾಗಾಗಿ ಪ್ರತಿ ಮಂಗಳವಾರ ಆಸ್ಪತ್ರೆಯಲ್ಲಿ ಅವಳ ಸೊಂಟದ ಪಟ್ಟಿಯಿಂದ ಅವನ ಪಟ್ಟಿಗೆ ತಂತಿ ಸಿಕ್ಕಿಸುತ್ತಾರೆ; ಅವಳ ನೋವೆಲ್ಲ ಅವನಿಗೆ ಹರಿಯುತ್ತದೆ. ಉಳಿದ ರೋಗಿಗಳು ಚಹಾ ಕುಡಿಯುತ್ತ ನೋಡುತ್ತಾರೆ.

"ಹಾರಿ ಎತ್ತೂವಾಗ ನೀ ಎಣಿಸಿದ್ದೇನು?" ಎನ್ನುತ್ತ ನೀಲಗಂಗವ್ವ ಮಲಗಿದಲ್ಲೇ ಸೊಂಟ ಮೇಲೆತ್ತಿದಳು. ಬಸಲಿಂಗ ಕಿರುಚಿದ. ಹೀಗೇ ಹತ್ತು ಸಲ ಆಯಿತು.

"ಸಾಕ್ರಿ ಅವ್ವಾರ," ಎಂದಳು ಥೆರಪಿಸ್ಟ್ ಶಾಹೀನ್. "ನೋವು ನಿಮಗ ಗೊತ್ತಾಗಂಗಿಲ್ಲ. ಬೆನ್ನಿಗೆ ಸಾಕಾತು ಅಂತ ಹೆಂಗ ತಿಳೀತೈತಿ? ಮುಂದಿನ ತಿಂಗಳ ನಡೀಬೇಕಲ್ಲ ನೀವು?"

"ಅವ ಒದರತಾನಲ್ಲ, ಅದರಾಗ ತಿಳೀತೈತಿ ಬಿಡವ್ವ. ಇನ್ನೂ ಒದರಲಿ."

ಹದಿನೇಳನೆಯ ಸಲಕ್ಕೆ ಬಸಲಿಂಗ ನಾಲಿಗೆ ಕಚ್ಚಿಕೊಂಡ, ರಕ್ತ ಗದ್ದಕ್ಕಿಳಿಯಿತು. ನೀಲಗಂಗವ್ವ ನಗುತ್ತ ಇನ್ನೊಮ್ಮೆ ಎತ್ತಿದಳು. ಅವಳ ಬೆನ್ನಿನೊಳಗೆ ಲಟಕ್ಕನೆ ಸದ್ದಾಯಿತು. ಬಸಲಿಂಗ ಕುರ್ಚಿಸಮೇತ ನೆಲಕ್ಕುರುಳಿದ.

ಶಾಹೀನ್ ಓಡಿಬಂದು ಅವಳ ಪಾದ ಹಿಡಿದಳು. "ಅವ್ವಾರ, ಬೆರಳು ಅಲುಗಸ್ರಿ."

"ಅಲುಗಸಾಕತ್ತೀನಲ್ಲ," ಎಂದಳು ನೀಲಗಂಗವ್ವ, ಇನ್ನೂ ನಗುತ್ತಲೇ.

ಶಾಹೀನ್ ಅಲುಗದ ಆ ಪಾದವನ್ನು ಮೆಲ್ಲಗೆ ಹಾಸಿಗೆಯ ಮೇಲಿಟ್ಟು ಚಾದರ ಹೊದಿಸಿದಳು.