ಎರಡನೆಯ ಕಿಟಕಿ

೨೦೧೯ರ ಏಪ್ರಿಲ್ ಹದಿನಾರು, ಮಂಗಳವಾರ. ವಿಸ್ತುಲಾ ನದಿಯ ದಂಡೆಯ ನಮ್ಮ ಊರಿನ ಚರ್ಚಿನ ಹಿಂದಿನ ಕೋಣೆಯಲ್ಲಿ ಲೆಯೊಕಾದಿಯಾ ಕುರ್ಚಿಯ ಆಸರೆ ಬಿಟ್ಟು, ಒಂಟಿಕಾಲಿನಲ್ಲಿ ಇಪ್ಪತ್ತೊಂದು ಸೆಕೆಂಡು ನಿಂತಳು. ಮೂಳೆ ಸವೆದ ಹೆಂಗಸರಿಗೆ ಬೀಳದಿರುವುದನ್ನು ಕಲಿಸುವ ಆ ತರಗತಿಯಲ್ಲಿ ಅಷ್ಟು ಹೊತ್ತು ಇನ್ನಾರೂ ನಿಂತಿರಲಿಲ್ಲ. ಪಕ್ಕದ ಮನೆಯ ಗೆನೊವೆಫಾ ಒಂಬತ್ತನೆಯ ಸೆಕೆಂಡಿಗೇ ಕುರ್ಚಿ ಹಿಡಿದಿದ್ದಳು.

“ಕೊಕ್ಕರೆ ಕಣೇ ನೀನು,” ಎಂದಳು ಗೆನೊವೆಫಾ. “ಇನ್ನು ಚಿಮಣಿ ಮೇಲೆ ಗೂಡು ಕಟ್ಟೋದೊಂದೇ ಬಾಕಿ.”

ತರಬೇತಿ ಕೊಡುವ ಬೊಜೇನಾ ನಗಲಿಲ್ಲ. “ಅಮ್ಮಾ, ಇದು ನೆಲದ ಮೇಲಿನ ಲೆಕ್ಕ. ಹಬ್ಬ ಬಂತು ಅಂತ ಯಾರೂ ಸ್ಟೂಲ್ ಹತ್ತಬೇಡಿ. ಕಿಟಕಿ ಕೊಳೆಯಾಗಿದ್ರೆ ಇರಲಿ ಬಿಡಿ.”

ಎಲ್ಲರೂ ತಲೆಯಾಡಿಸಿದರು. ಆದರೆ ಈಸ್ಟರಿನ ಮುಂಜಾನೆ ಚರ್ಚಿನ ಮೆರವಣಿಗೆ ಲೆಯೊಕಾದಿಯಾ, ಗೆನೊವೆಫಾ ಇಬ್ಬರ ಬೀದಿಯಲ್ಲೇ ಹಾಯುತ್ತದೆ. ಆ ಹೊತ್ತಿಗೆ ಯಾರ ಕಿಟಕಿಯ ಗಾಜು ಮಬ್ಬಾಗಿರುತ್ತದೋ ಅವಳ ಹೆಸರು ಮುಂದಿನ ಈಸ್ಟರಿನವರೆಗೂ ಊರಿನ ಬಾಯಲ್ಲಿರುತ್ತದೆ.

ಗುರುವಾರ ಲೆಯೊಕಾದಿಯಾ ಗೆನೊವೆಫಾಳ ಬಾಗಿಲು ತಟ್ಟಿದಳು. ಆ ಮನೆಯ ಕಿಟಕಿಗಳನ್ನೆಲ್ಲ ಸೊಸೆ ಆಗಲೇ ತೊಳೆದು ಮುಗಿಸಿದ್ದಳು.

“ನಿನ್ನ ಸೊಸೇನ ಸ್ವಲ್ಪ ಹೊತ್ತು ಕಳಿಸ್ತೀಯೇನೇ? ಎರಡೇ ಕಿಟಕಿ.”

“ಅಯ್ಯೋ, ಕೇಕ್ ಒಲೆಯೊಳಗಿದೆ, ಅವಳಿಗೆ ಉಸಿರಾಡೋಕೂ ಪುರುಸೊತ್ತಿಲ್ಲ. ಒಂಟಿಕಾಲಲ್ಲಿ ಇಪ್ಪತ್ತೊಂದು ಸೆಕೆಂಡು ನಿಲ್ಲೋಳು ನೀನು. ಎರಡೂ ಕಾಲೂರಿ ಸ್ಟೂಲ್ ಮೇಲೆ ನಿಲ್ಲೋಕಾಗಲ್ವೇನೇ?”

ಲೆಯೊಕಾದಿಯಾ ಮನೆಗೆ ಹಿಂದಿರುಗಿ ತಾನೇ ಸ್ಟೂಲು ಹತ್ತಿದಳು. ಮೊದಲನೆಯ ಕಿಟಕಿ ಹೊಳೆಯಿತು. ಎರಡನೆಯದರ ಮೇಲಿನ ಮೂಲೆಗೆ ಕೈ ಚಾಚಿದಾಗ ಸ್ಟೂಲು ಜಾರಿತು. ಗೋಡೆಯಾಚೆ ಸದ್ದು ಕೇಳಿ ಮೊದಲು ಓಡಿಬಂದವಳು ಆ ಸೊಸೆಯೇ. ಲೆಯೊಕಾದಿಯಾಳ ಸೊಂಟದ ಮೂಳೆ ಮುರಿದಿತ್ತು. ಇನ್ನು ನಡೆದರೂ ಆಸರೆ ಹಿಡಿದೇ ನಡೆಯಬೇಕೆಂದರು ವೈದ್ಯರು.

ಈಸ್ಟರ್ ಭಾನುವಾರ ಗೆನೊವೆಫಾ ಆಸ್ಪತ್ರೆಗೆ ಬಂದಳು. ಬಿಳಿಯ ಕರವಸ್ತ್ರದಲ್ಲಿ ಪಾದ್ರಿಗಳು ಹರಸಿಕೊಟ್ಟ ಮೊಟ್ಟೆಯಿತ್ತು. ಅದನ್ನು ಹಂಚಿಕೊಂಡು ತಿಂದವರ ನಡುವೆ ಮುನಿಸು ಉಳಿಯುವಂತಿಲ್ಲ. ಅವಳು ಸಿಪ್ಪೆ ಸುಲಿದು ಎರಡು ಹೋಳು ಮಾಡಿದಳು.

“ಚಿಂತೆ ಮಾಡ್ಬೇಡ ಕಣೇ. ನಿನ್ನ ಆ ಇನ್ನೊಂದು ಕಿಟಕೀನ ನಿನ್ನೆ ಸೊಸೆ ಕೈಲಿ ಒರೆಸಿಸಿದೆ. ಮೆರವಣಿಗೇಲಿ ಯಾರೂ ಏನೂ ಅನ್ನಲಿಲ್ಲ.”

ಲೆಯೊಕಾದಿಯಾ ಚಾವಣಿಯನ್ನೇ ನೋಡುತ್ತಿದ್ದಳು. “ಎಷ್ಟು ಹೊತ್ತು ಹಿಡೀತು?”

“ಎಷ್ಟು ಹೊತ್ತೇನು ಬಂತು, ಐದು ನಿಮಿಷ...”

ಗೆನೊವೆಫಾ ಚಾಚಿದ ಅಂಗೈಯಲ್ಲಿ ಅರ್ಧ ಮೊಟ್ಟೆ ಹಾಗೆಯೇ ಇತ್ತು. ಲೆಯೊಕಾದಿಯಾಳ ಕೈ ಹೊದಿಕೆಯಿಂದ ಹೊರಗೆ ಬರಲಿಲ್ಲ.