ಗೇಟಿನಲ್ಲಿ ತಪಾಸಣೆ

ಮಾರಿಸೋಲ್‌ಗೆ ಜನ ಹೊಡೆಯುತ್ತಿದ್ದ ಚಪ್ಪಾಳೆ ಇನ್ನೂ ನಿಂತಿರಲಿಲ್ಲ. ಅಷ್ಟರಲ್ಲಿ ನ್ಯಾಯಮಂತ್ರಿ ಆಸ್ಬರ್ಟ್ ತಮ್ಮ ಹಿಂದೆ ನಿಂತಿದ್ದ ಕಾನ್‌ಸ್ಟೇಬಲ್ ಕ್ವಾಶಿಯ ಕಡೆ ತಲೆ ವಾಲಿಸಿ, ಮುಖದ ಮೇಲಿನ ನಗು ಕದಲದ ಹಾಗೆ ಹೇಳಿದರು: "ನಮಗೆ ಬೇಕಾದ ಹೆಸರು ಸಿಕ್ತು. ಅವಳು ಹೊರಗೆ ಹೋಗೋವಾಗ ಗೇಟಲ್ಲಿ ಕಾಗದ ಕೇಳು. ಇರಲ್ಲ. ವ್ಯಾನ್ ಹತ್ತಿಸು."

ಕ್ವಾಶಿಗೆ ತನ್ನ ಕಿವಿಯನ್ನೇ ನಂಬಲಾಗಲಿಲ್ಲ. ಸಭೆ ಕರೆದದ್ದು ಊರಿನ ಕಳ್ಳತನದ ಬಗ್ಗೆ. ಅಂಗಡಿಗಳನ್ನು ಒಡೆಯುತ್ತಿದ್ದವನು ಯಾರೆಂದು ಚರ್ಚಿನ ಆ ಹಾಲ್‌ನಲ್ಲಿ ಕೂತಿದ್ದ ಎಲ್ಲರಿಗೂ ಗೊತ್ತಿತ್ತು, ಬಾಯಿ ಬಿಡುವವರು ಮಾತ್ರ ಇರಲಿಲ್ಲ. ಈ ದ್ವೀಪದಲ್ಲಿ ಎಲ್ಲರೂ ಎಲ್ಲರಿಗೂ ಏನಾದರೊಂದು ಆಗಬೇಕು. ಚಿಕ್ಕಪ್ಪನ ಮಗನನ್ನು ಹಿಡಿದುಕೊಟ್ಟು ಭಾನುವಾರ ಅದೇ ಚಿಕ್ಕಪ್ಪನ ಪಕ್ಕ ಕೂತು ಪ್ರಾರ್ಥನೆ ಮಾಡುವುದಾದರೂ ಹೇಗೆ? ಅದಕ್ಕೇ ಪೊಲೀಸರನ್ನೂ ಬೇರೆ ದ್ವೀಪಗಳಿಂದ ಕರೆಸಿಕೊಳ್ಳುತ್ತಿದ್ದರು. ಕ್ವಾಶಿ ಸೇಂಟ್ ವಿನ್ಸೆಂಟ್‌ನವನು. ಇನ್ನು ಯಾರಿಗೂ ಏನೂ ಆಗದವಳೆಂದರೆ, ಡೊಮಿನಿಕನ್ ಗಣರಾಜ್ಯದಿಂದ ಪ್ರವಾಸಕ್ಕೆಂದು ಬಂದು, ವಾಪಸು ಹೋಗದೆ, ದೋಣಿ ನಿಲ್ಲುವ ಜೆಟ್ಟಿಯ ಹತ್ತಿರ ಮೀನಿನ ಪ್ಯಾಟಿ ಕರಿದು ಮಾರಿಕೊಂಡಿದ್ದ ಈ ಮಾರಿಸೋಲ್. ಈಗಷ್ಟೇ ಎದ್ದು ನಿಂತು, ತುಂಬಿದ ಸಭೆಯಲ್ಲಿ, ಯೂನಾ ಅಜ್ಜಿಯ ಅಂಗಡಿಯ ಬೀಗ ಒಡೆದವನ ಹೆಸರು ಹೇಳಿದ್ದಳು.

"ಸಾರ್, ಬೆಳಿಗ್ಗೆ ನಾನೇ ಅವಳ ಮನೆಗೆ ಹೋಗಿ ಕರ್ಕೊಂಡು ಬಂದೆ," ಎಂದ ಕ್ವಾಶಿ. "ಬರಲ್ಲ ಅಂತ ಅಳ್ತಾ ಕೂತಿದ್ಲು. ಏನೂ ಆಗಲ್ಲ ಬಾರಮ್ಮ ಅಂತ ಮಾತು ಕೊಟ್ಟಿದ್ದೀನಿ."

"ಮಾತು ಕೊಟ್ಟಿದ್ದು ಪೊಲೀಸು. ಕಾಗದ ಕೇಳೋದು ವಲಸೆ ಇಲಾಖೆ. ಎರಡೂ ನನ್ನ ಖಾತೇನೇ, ನೀನ್ಯಾಕೆ ತಲೆ ಕೆಡಿಸ್ಕೋತೀಯ?" ಮಂತ್ರಿಗಳು ಸಭೆಗೆ ಕೈ ಬೀಸಿದರು. "ಅಂದ ಹಾಗೆ, ಇಲ್ಲಿ ಕೆಲಸ ಮಾಡೋ ನಿನ್ನ ಪರ್ಮಿಟ್ ಯಾವಾಗ ಮುಗಿಯತ್ತೆ?"

"ಈಸ್ಟರ್ ಹೊತ್ತಿಗೆ ಸಾರ್."

"ಹ್ಞಾಂ. ಅದೂ ನನ್ನ ಮೇಜಿಗೇ ಬರೋದು."

ಕ್ವಾಶಿ ತನ್ನ ಮಗಳನ್ನು ಈ ವರ್ಷವಷ್ಟೇ ಇಲ್ಲಿನ ಶಾಲೆಗೆ ಸೇರಿಸಿದ್ದ. ಟೋಪಿ ಸರಿಮಾಡಿಕೊಂಡು ಹೊರಗೆ ನಡೆದ. ಗೇಟಿನ ಆಚೆ ವಲಸೆ ಇಲಾಖೆಯ ಬಿಳಿ ವ್ಯಾನು ಬಾಗಿಲು ತೆರೆದುಕೊಂಡು ನಿಂತಿತ್ತು. ಅವನು ಗೇಟಿನ ಒಂದು ಬಾಗಿಲು ಮುಚ್ಚಿ, ಇನ್ನೊಂದಕ್ಕೆ ಅಡ್ಡ ನಿಂತ.

ಮೊದಲು ಬಂದವಳು ಯೂನಾ ಅಜ್ಜಿ, ಕೈಯಲ್ಲಿ ಕೊಡೆ, ತಲೆ ಮೇಲೆ ಭಾನುವಾರದ ಹ್ಯಾಟು.

"ಅಜ್ಜಿ, ಕಾಗದ ತೋರಿಸಿ."

"ಯಾವ ಕಾಗದವೋ?"

"ಈ ದೇಶದಲ್ಲಿ ಇರೋಕೆ ನಿಮಗೆ ಹಕ್ಕಿದೆ ಅನ್ನೋ ಕಾಗದ."

"ಬಿಸಿಲು ನೆತ್ತಿಗೇರಿದೆಯೇನೋ ನಿಂಗೆ? ನಾನು ಹುಟ್ಟಿದ್ದು ಅಗೋ, ಆ ಹುಣಸೆಮರದ ಕೆಳಗಿನ ಮನೇಲಿ. ಸೂಲಗಿತ್ತಿಗೆ ಓದೋಕೇ ಬರ್ತಿರ್ಲಿಲ್ಲ, ಇನ್ನು ಕಾಗದ ಎಲ್ಲಿಂದ ಕೊಡ್ತಾಳೆ?"

"ಹಾಗಿದ್ರೆ ವ್ಯಾನ್ ಹತ್ತಿ ಅಜ್ಜಿ."

ಹಿಂದಿದ್ದವರು ಗೊಳ್ಳೆಂದು ನಕ್ಕರು. ಅಜ್ಜಿ ನಗಲಿಲ್ಲ. ಅವನ ಮುಖ ನೋಡಿದಳು. ಅವನ ಕಣ್ಣು ಹೋದ ಕಡೆಗೆ ತಿರುಗಿ ನೋಡಿದಳು. ಸಾಲಿನ ಕೊನೆಯಲ್ಲಿ ಬಿಳಿಚಿಕೊಂಡು ನಿಂತಿದ್ದ ಮಾರಿಸೋಲ್ ಕಂಡಳು. "ಓ, ಹೀಗೋ ಸಮಾಚಾರ!" ಎಂದು ಕೊಡೆ ಮಡಚಿದಳು. "ಕೈ ಹಿಡ್ಕೊಳ್ಳೋ, ಮೆಟ್ಟಿಲು ಎತ್ತರ ಇದೆ."

ಆಮೇಲೆ ಪಾದ್ರಿ ಬಂದರು. ಅವರಲ್ಲೂ ಕಾಗದವಿರಲಿಲ್ಲ. ಬಲೆ ಹೆಣೆಯುವ ಅಣ್ಣತಮ್ಮಂದಿರು ಬಂದರು, ಶಾಲೆಯ ಹೆಡ್‌ಮೇಡಂ ಬಂದರು. ತಮ್ಮ ಊರಲ್ಲಿ ಯಾರು ತಾನೇ ಕಾಗದ ಜೇಬಲ್ಲಿಟ್ಟುಕೊಂಡು ತಿರುಗುತ್ತಾರೆ? ಒಬ್ಬೊಬ್ಬರನ್ನೂ ಕ್ವಾಶಿ ಸೆಲ್ಯೂಟ್ ಹೊಡೆದು ವ್ಯಾನಿಗೆ ಕಳಿಸಿದ; ಒಳಗೆ ಹಿಡಿಸದವರು ಅದರ ಸುತ್ತ ನಿಂತುಕೊಂಡರು. ಒಳಗಿನಿಂದ ಯೂನಾ ಅಜ್ಜಿಯ ಕೂಗು ಕೇಳಿಸುತ್ತಲೇ ಇತ್ತು: "ಹೆಡ್‌ಮೇಡಂ, ಸ್ವಲ್ಪ ಸರೀರಿ! ಪಾದ್ರಿಗಳೇ, ಹೊಟ್ಟೆ ಒಳಗೆಳ್ಕೊಳ್ಳಿ! ಇಲ್ಲಿ ಜಾಗ ಮುಗೀತು ಕಣೋ ಕ್ವಾಶಿ, ಆ ಹುಡುಗೀನ ಕಳಿಸಿದ್ರೆ ಯಾರ ತೊಡೆ ಮೇಲೆ ಕೂರಿಸೋದು?"

ಗಲಾಟೆ ಕೇಳಿ ಮಂತ್ರಿಗಳು ದಾಪುಗಾಲು ಹಾಕುತ್ತ ಬಂದರು.

"ಏನಯ್ಯಾ ಇದು ನಾಟಕ? ನಾನು ಕೇಳು ಅಂದಿದ್ದು ಒಬ್ಬಳನ್ನ!"

"ಒಬ್ಬಳನ್ನೇ ಕೇಳ್ಬೇಕು ಅಂತ ಯಾವ ಕಾನೂನಲ್ಲೂ ಇಲ್ಲ ಸಾರ್."

"ಇವರೆಲ್ಲ ಇಲ್ಲಿಯವರು ಕಣೋ! ನೋಡಿದ್ರೆ ಗೊತ್ತಾಗಲ್ವಾ?"

"ನಾನು ಹೊರಗಿನವನು ಸಾರ್, ನನಗೆ ಹೇಗೆ ಗೊತ್ತಾಗ್ಬೇಕು?" ಕ್ವಾಶಿ ಅಂಗಿಯ ಜೇಬಿನಿಂದ ತನ್ನ ಪರ್ಮಿಟ್ ತೆಗೆದು, ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದ. "ಇಷ್ಟು ಜನರಲ್ಲಿ ಕಾಗದ ಇರೋದು ನನ್ನೊಬ್ಬನ ಹತ್ರ."

ಮಂತ್ರಿಗಳ ಕತ್ತಿನ ನರ ಉಬ್ಬಿತು. "ಇವತ್ತಿಗೇ ನಿನ್ನ ಕೆಲಸ ಮುಗೀತು ಅಂತ ತಿಳ್ಕೋ."

"ತಿಳ್ಕೊಂಡೇ ಇಲ್ಲಿ ನಿಂತಿದ್ದೀನಿ ಸಾರ್."

ಮಂತ್ರಿಗಳು ಡ್ರೈವರ್‌ಗೆ ಸನ್ನೆ ಮಾಡಿ ಕಾರಿನ ಕಡೆ ಹೊರಟರು. ಕಾರು ಇದ್ದದ್ದು ಗೇಟಿನ ಆಚೆ. ಕ್ವಾಶಿ ಕದಲಲಿಲ್ಲ. ಸಾಲಿನಲ್ಲಿ ಈಗ ಉಳಿದಿದ್ದವರು ಇಬ್ಬರೇ. ಮುಂದೆ ಮಂತ್ರಿಗಳು, ಅವರ ಹಿಂದೆ ಮಾರಿಸೋಲ್.

"ಅವಳ ಸರದಿ ನಿಮ್ಮಾದ ಮೇಲೆ," ಎಂದು ಕ್ವಾಶಿ ಅಂಗೈ ಚಾಚಿದ. "ನಿಮ್ಮ ಕಾಗದ, ಸಾರ್."

ವ್ಯಾನಿನೊಳಗಿದ್ದವರೆಲ್ಲ ನೋಡಲು ಬಾಗಿಲ ಕಡೆ ಬಗ್ಗಿದರು. ಮಂತ್ರಿಗಳ ಕೈ, ಅವರಿಗೇ ಗೊತ್ತಿಲ್ಲದ ಹಾಗೆ, ಕೋಟಿನ ಒಂದೊಂದೇ ಜೇಬನ್ನು ತಡಕತೊಡಗಿತು.